ಬೀಳು ಬಿದ್ದ ಸ್ಪೆಕ್ಟ್ರಮ್ಮನ್ನು ಮಲೆನಾಡಿಗೆ ಗೇಣಿಗಾದರೂ ಕೊಡಿ: ದೂರಸಂಪರ್ಕ ಇಲಾಖೆಗೆ ಬಹಿರಂಗ ಪತ್ರ

ಗೆ,
ಕಾರ್ಯದರ್ಶಿಗಳು, ದೂರಸಂಪರ್ಕ ಇಲಾಖೆ, ನವದೆಹಲಿ
ಹಾಗೂ ಅಧ್ಯಕ್ಷರು, ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ (ಟ್ರಾಯ್)

ವಿಷಯ: ಮಲೆನಾಡಿನಲ್ಲಿ ಬಳಕೆಯಾಗದೆ ಉಳಿದ ಸ್ಪೆಕ್ಟ್ರಮ್ಮನ್ನು ಸ್ಥಳೀಯ ಇಂಟರ್ನೆಟ್ ಸೇವಾದಾರರಿಗೆ ಒದಗಿಸುವ ಬಗ್ಗೆ.

ಮಾನ್ಯರೇ,

ಮೂಡಿಗೆರೆ ಸೀಮೆಯ ಕಾಫಿ ತೋಟಗಳ ನಡುವೆ ವೈರ್‌ಲೆಸ್ ಇಂಟರ್ನೆಟ್ ಕೊಡುವ ಸಣ್ಣ ಸಂಸ್ಥೆ ನಡೆಸುತ್ತಿದ್ದೇನೆ. ಪೇಟೆಯವರೆಗೆ ಬಾಡಿಗೆಗೆ ಪಡೆದ ಫೈಬರ್, ಅಲ್ಲಿಂದ ಗುಡ್ಡದ ತಲೆಗೊಂದು ಕಂಬ, ಕಂಬದಿಂದ ಕಣಿವೆಯ ಮನೆಗಳಿಗೆ ರೇಡಿಯೊ. ಇಷ್ಟೇ ನಮ್ಮ ವ್ಯವಹಾರ. ಸಕಲೇಶಪುರ, ಆಲೂರು, ಕೊಪ್ಪ, ಕಳಸದ ಕಡೆಯೂ ಇದೇ ಕಸುಬಿನವರು ಇದ್ದಾರೆ. ಕೇಬಲ್ ಟಿವಿ ನಡೆಸುತ್ತಿದ್ದು ಈ ಕಡೆ ಹೊರಳಿದವರೂ ಇದ್ದಾರೆ. ದೊಡ್ಡ ಕಂಪನಿಗಳ ಕವರೇಜ್ ನಕ್ಷೆಯಲ್ಲಿ ಬಣ್ಣ ತುಂಬಿದ್ದು, ನೆಲದ ಮೇಲೆ ಮಾತ್ರ ಫೋನಿನ ಕಡ್ಡಿ ಏಳದ ಜಾಗಗಳೇ ನಮ್ಮ ಮಾರುಕಟ್ಟೆ.

ಆ ಮಾರುಕಟ್ಟೆ ಈಗ ನಮ್ಮ ಕೈ ಮೀರಿ ಬೆಳೆದಿದೆ. ಗಿರಾಕಿಗಳಿಗೆ ಬರವಿಲ್ಲ, ದುಡ್ಡು ಕೊಡಲೂ ಜನ ತಯಾರಿದ್ದಾರೆ. ಸಾಲದೆ ಬಂದಿರುವುದು ಗಾಳಿಯಲ್ಲಿ ನಮಗೆ ಕೊಟ್ಟಿರುವ ಜಾಗ, ಅಂದರೆ ಸ್ಪೆಕ್ಟ್ರಮ್: ಸಂಕೇತ ಕಳಿಸಲು ಬಳಸುವ ರೇಡಿಯೊ ಅಲೆಗಳ ಪಾಲು.

2020ರ ಲಾಕ್‌ಡೌನ್‌ನಲ್ಲಿ ಬೆಂಗಳೂರಿನ ಹುಡುಗರು ಲ್ಯಾಪ್‌ಟಾಪ್ ಹಿಡಿದು ಊರಿಗೆ ಬಂದರು. ಶಾಲೆಯ ಮಕ್ಕಳು ಆನ್‌ಲೈನ್ ಪಾಠಕ್ಕಾಗಿ ಗುಡ್ಡ ಹತ್ತಿ ಕೂತರು. ಆಗ ಶುರುವಾದ ಬೇಡಿಕೆ ಲಾಕ್‌ಡೌನ್ ಮುಗಿದ ಮೇಲೆ ಇಳಿಯಲಿಲ್ಲ. ಹೋಂಸ್ಟೇಗೆ ಬಂದವರು ಬಿಸಿನೀರಿಗಿಂತ ಮೊದಲು ವೈಫೈ ಪಾಸ್‌ವರ್ಡ್ ಕೇಳುತ್ತಾರೆ. ಬೆಳೆಗಾರರು ಕಾಫಿ ಮಾರುವ ಮುಂಚೆ ಲಂಡನ್‌ನಲ್ಲಿ ರೊಬಸ್ಟಾ ಎಷ್ಟಿದೆ, ನ್ಯೂಯಾರ್ಕ್‌ನಲ್ಲಿ ಅರೇಬಿಕಾ ಎಷ್ಟಿದೆ ಎಂದು ನೋಡುತ್ತಾರೆ. ಕಣದಲ್ಲಿ ಒಣಗಲು ಹಾಕಿದ ಹಣ್ಣಿಗೆ ಸಿಸಿಟಿವಿ ಕಾವಲು. ಆಲೂರು, ಸಕಲೇಶಪುರದ ಕಡೆ ಆನೆ ಯಾವ ತೋಟಕ್ಕೆ ಇಳಿದಿದೆ ಎಂಬ ಸುದ್ದಿ ಬರುವುದು ವಾಟ್ಸಾಪ್‌ನಲ್ಲಿ. ಬೆಳಿಗ್ಗೆ ಕೆಲಸದಾಳುಗಳನ್ನು ಯಾವ ದಾರಿಯಲ್ಲಿ ಕಳಿಸಬೇಕು ಎನ್ನುವುದು ಆ ಸಂದೇಶದ ಮೇಲೆ ನಿಂತಿದೆ. ನೋಕಿಯಾದ ವರದಿಯೊಂದರ ಪ್ರಕಾರ 2024ರಲ್ಲಿ ಭಾರತದ ಮೊಬೈಲ್ ಬಳಕೆದಾರ ಸರಾಸರಿ ತಿಂಗಳಿಗೆ 27.5 ಜಿಬಿ ಡೇಟಾ ಬಳಸಿದ. ಅದು ಒಂದು ಫೋನಿನ ಲೆಕ್ಕ. ನಮ್ಮ ಒಂದೊಂದು ಕನೆಕ್ಷನ್‌ನ ಹಿಂದೆ ಒಂದು ಮನೆ ಇದೆ, ಗೋಡೆಯ ಮೇಲೆ ಸ್ಮಾರ್ಟ್ ಟಿವಿ ಇದೆ.

ಸಂಜೆ ಏಳಾದರೆ ಫೋನ್ ಶುರು. "ಎಂತ ಮಾರಾಯ್ರೆ, ಬೆಳಿಗ್ಗೆ ಚೆನ್ನಾಗಿತ್ತು, ಈಗ ಬರೀ ಸುತ್ತುತ್ತಾ ಉಂಟು." ಅವರು ಹೇಳುವುದು ನಿಜ. ಒಂದು ಕಂಬದಲ್ಲಿ ಒಂದು ದಿಕ್ಕಿಗೆ ಮಾತ್ರ ಚೆಲ್ಲುವ ಒಂದು ಸೆಕ್ಟರ್ ಆಂಟೆನಾ 40 ಮೆಗಾಹರ್ಟ್ಸ್ ಅಗಲದ ಚಾನೆಲ್‌ನಲ್ಲಿ, ಒಳ್ಳೆಯ ಸ್ಥಿತಿಯಲ್ಲಿ, ಸುಮಾರು 200 ಎಂಬಿಪಿಎಸ್ ಕೊಡುತ್ತದೆ ಎಂದುಕೊಳ್ಳಿ. ಅದರ ಕೆಳಗೆ ಮೂವತ್ತು ಮನೆ. ಎಲ್ಲರೂ ಒಟ್ಟಿಗೆ ಎಚ್‌ಡಿ ಸಿನಿಮಾ ಹಚ್ಚಿದರೆ ಮನೆಗೆ 5 ಎಂಬಿಪಿಎಸ್‌ನಂತೆ 150 ಆಯಿತು, ನಡೆಯುತ್ತದೆ. ಅದೇ ಮೂವತ್ತು ಮನೆಗೆ 4ಕೆ ಟಿವಿ ಬಂತು ಅನ್ನಿ, ಮನೆಗೆ 15ರಂತೆ 450 ಬೇಕು. ಬೆಂಗಳೂರಿನಿಂದ ಎಷ್ಟು ಬ್ಯಾಂಡ್‌ವಿಡ್ತ್ ಕೊಂಡು ತಂದು ಕಂಬದ ಬುಡಕ್ಕೆ ಸುರಿದರೂ ಕಂಬದ ತುದಿಯಿಂದ ಆಚೆ ಹೋಗುವುದು ಆ 200 ಮಾತ್ರ.

ಅದೂ ಒಳ್ಳೆಯ ಸ್ಥಿತಿಯಲ್ಲಿ. ನಮ್ಮಲ್ಲಿ ಒಳ್ಳೆಯ ಸ್ಥಿತಿ ಎಂದರೆ ಮರಗಸಿ (ನೆರಳು ಮರಗಳ ಕೊಂಬೆ ಸವರುವ ಕೆಲಸ) ಆದ ಮೇಲಿನ ಕೆಲವು ತಿಂಗಳು. ಕಾಫಿಗೆ ನೆರಳು ಬೇಕು. ನೆರಳಿಗೆ ಸಿಲ್ವರ್ ಓಕ್, ಅತ್ತಿ, ಹಲಸು, ಓಕ್ ಮರಕ್ಕೆ ಮೆಣಸಿನ ಬಳ್ಳಿ. 5 ಗಿಗಾಹರ್ಟ್ಸ್‌ನ ಅಲೆಗೆ ಮಳೆಯಿಂದ ಅಷ್ಟೇನೂ ತೊಂದರೆಯಿಲ್ಲ, ನೆನೆದ ಎಲೆಯಿಂದ ಉಂಟು. ಜೂನ್‌ನಲ್ಲಿ ಮಳೆ ಹಿಡಿದು ಚಿಗುರು ತುಂಬಿತೆಂದರೆ ನಿನ್ನೆವರೆಗೆ ಸರಿಯಿದ್ದ ಲಿಂಕ್ ಇವತ್ತು ಕುಂಟುತ್ತದೆ. ಕುಂಟಿದ ಲಿಂಕ್ ತಾನೊಂದೇ ಕುಂಟುವುದೂ ಇಲ್ಲ. ಈ ರೇಡಿಯೊಗಳಲ್ಲಿ ಒಂದು ಸೆಕ್ಟರ್‌ನ ಎಲ್ಲ ಮನೆಗಳೂ ಒಂದೇ ಚಾನೆಲ್‌ನ ಸಮಯವನ್ನು ಪಾಳಿಯಲ್ಲಿ ಹಂಚಿಕೊಳ್ಳುತ್ತವೆ. ಸಿಗ್ನಲ್ ಚೆನ್ನಾಗಿರುವ ಮನೆಗೆ ರೇಡಿಯೊ ಒಂದು ಸಂಕೇತದಲ್ಲಿ ಆರು ಬಿಟ್‌ಗಿಂತ ಹೆಚ್ಚು ತುರುಕುತ್ತದೆ. ಮರದ ಮರೆಯ ಮನೆಗೆ ಒಂದೇ ಬಿಟ್. ಅಂದರೆ ಅದೇ ವಿಡಿಯೊ ನೋಡಲು ಆ ಒಂದು ಮನೆ ಆರು ಮನೆಗಳ ಪಾಳಿಯನ್ನು ತಿನ್ನುತ್ತದೆ. ತೊಂದರೆ ಇರುವುದು ತಗ್ಗಿನ ಲೈನ್ ಮನೆಯಲ್ಲಿ (ತೋಟದ ಕೆಲಸದಾಳುಗಳ ಸಾಲುಮನೆ), ಫೋನ್ ಬರುವುದು ದಿಬ್ಬದ ಮೇಲಿನ ಬಂಗಲೆಯಿಂದ.

ನಾವು ಕೈಕಟ್ಟಿ ಕೂತಿಲ್ಲ. ಸುತ್ತಲೂ ಚೆಲ್ಲುವ ಒಂದು ಆಂಟೆನಾ ಇದ್ದಲ್ಲಿ ದಿಕ್ಕಿಗೊಂದು ಕಿರಿದಾದ ಸೆಕ್ಟರ್ ಹಾಕಿದ್ದೇವೆ. ಒಂದೇ ಕಂಬದ ರೇಡಿಯೊಗಳು ಒಂದರ ಕಿವಿಯಲ್ಲಿ ಇನ್ನೊಂದು ಕೂಗದಂತೆ ಜಿಪಿಎಸ್ ಗಡಿಯಾರಕ್ಕೆ ಕಟ್ಟಿ, ಎಲ್ಲವೂ ಒಟ್ಟಿಗೆ ಕಳಿಸುವ ಹಾಗೆ, ಒಟ್ಟಿಗೆ ಕೇಳುವ ಹಾಗೆ ಮಾಡಿದ್ದೇವೆ. ಅದರಿಂದ ಮುಂದಿನ ದಿಕ್ಕಿನ ಚಾನೆಲ್ಲನ್ನೇ ಹಿಂದಿನ ದಿಕ್ಕಿಗೂ ಬಳಸಬಹುದು. ಸಂಜೆ ಹೊತ್ತು ಒಬ್ಬರ ದೊಡ್ಡ ಡೌನ್‌ಲೋಡ್ ಇನ್ನೊಬ್ಬರ ವಿಡಿಯೊ ಕಾಲ್ ಅನ್ನು ನುಂಗದಂತೆ ಟ್ರಾಫಿಕ್ ಹಿಡಿದು ಬಿಡುತ್ತೇವೆ. ಜನ ಹೆಚ್ಚು ನೋಡುವ ವಿಡಿಯೊಗಳ ಪ್ರತಿಯನ್ನು ಇಲ್ಲೇ ಕೂಡಿಡುವ ಕ್ಯಾಶ್ ಸರ್ವರ್ ಇಟ್ಟುಕೊಳ್ಳಿ ಎಂದು ಸಲಹೆ ಕೊಡುವವರು ಸಿಗುತ್ತಾರೆ. ಅದರಿಂದ ಬೆಂಗಳೂರಿನಿಂದ ಇಲ್ಲಿಗೆ ಬರುವ ದಾರಿಯ ಹೊರೆ ಇಳಿಯುತ್ತದೆ, ಕಂಬದಿಂದ ಮನೆವರೆಗಿನ ಹೊರೆ ಒಂದು ಗುಲಗಂಜಿಯಷ್ಟೂ ಇಳಿಯುವುದಿಲ್ಲ. ಇನ್ನಷ್ಟು ಕಂಬ ನೆಟ್ಟು ಒಂದೊಂದರ ಕೆಳಗೆ ಮನೆ ಕಡಿಮೆ ಮಾಡಬಹುದು, ಮಾಡುತ್ತಲೂ ಇದ್ದೇವೆ. ಆದರೆ ಪ್ರತಿ ಹೊಸ ಕಂಬಕ್ಕೂ ಅದೇ ಚಾನೆಲ್‌ಗಳೇ ಬೇಕು. ಒಂದು ಹಂತ ದಾಟಿದ ಮೇಲೆ ನಮ್ಮ ಕಂಬಕ್ಕೆ ನಮ್ಮ ಕಂಬವೇ ಗಲಾಟೆ.

ಫೈಬರ್ ಎಳೆಯಿರಿ ಎನ್ನುತ್ತೀರಿ. ಒಪ್ಪಿದೆ. ಫೈಬರ್ ಹೋಗುವ ಕಡೆ ಫೈಬರನ್ನೇ ಹಾಕಬೇಕು, ವೈರ್‌ಲೆಸ್‌ನವನಾಗಿಯೇ ಈ ಮಾತು ಹೇಳುತ್ತೇನೆ. 2023ರಲ್ಲಿ ಕೇಂದ್ರ ಸಂಪುಟ ಪರಿಷ್ಕೃತ ಭಾರತ್‌ನೆಟ್‌ಗೆ ₹1,39,579 ಕೋಟಿ ಒಪ್ಪಿತು. ಅದು ಪಂಚಾಯಿತಿ ಕಟ್ಟಡದವರೆಗೆ, ಮುಂದೆ ಹಳ್ಳಿಯವರೆಗೆ ಬರಲಿ. ಆದರೆ ಬಯಲುಸೀಮೆಯಂತೆ ನಮ್ಮಲ್ಲಿ ಹಳ್ಳಿ ಎಂದರೆ ಒತ್ತಾಗಿ ಕೂತ ಮನೆಗಳಲ್ಲ. ಒಂದು ಮನೆಯಿಂದ ಇನ್ನೊಂದಕ್ಕೆ ನಡುವೆ ಒಂದು ತೋಟ, ಒಂದು ಹಳ್ಳ, ಕೆಲವೆಡೆ ಒಂದು ತುಂಡು ಮೀಸಲು ಅರಣ್ಯ. ಕಂಬದ ಮೇಲೆ ಎಳೆದರೆ ಮಳೆಗಾಲದಲ್ಲಿ ಮರ ಬೀಳುತ್ತದೆ, ನೆಲದಲ್ಲಿ ಹೂತರೆ ರಸ್ತೆ ಅಗಲಿಸುವ ಜೆಸಿಬಿ ಬರುತ್ತದೆ, ಅರಣ್ಯ ದಾಟಲು ಅನುಮತಿಯ ಕಡತ ತಿರುಗಬೇಕು. ಕಡೆಯ ಮೈಲಿಗೆ ಗಾಳಿಯೇ ಗತಿ.

ಗಾಳಿಯಲ್ಲಿ ನಮಗಿರುವುದು ಎಷ್ಟು? 2005ರಲ್ಲಿ 2.4 ಗಿಗಾಹರ್ಟ್ಸ್ ಬ್ಯಾಂಡ್ ಲೈಸೆನ್ಸ್‌ಮುಕ್ತವಾಯಿತು. ಇವತ್ತು ಪ್ರತಿ ಮನೆಯ ವೈಫೈ, ಬ್ಲೂಟೂತ್, ಮೈಕ್ರೋವೇವ್ ಒಲೆ ಎಲ್ಲವೂ ಅಲ್ಲೇ ಇವೆ, ಲಿಂಕ್‌ಗೆ ಅದು ಕೆಲಸಕ್ಕೆ ಬಾರದು. 2018ರ ಅಕ್ಟೋಬರ್‌ನಲ್ಲಿ ನಿಮ್ಮ ಇಲಾಖೆ 5 ಗಿಗಾಹರ್ಟ್ಸ್‌ನಲ್ಲಿ ಒಟ್ಟು 605 ಮೆಗಾಹರ್ಟ್ಸ್ ತೆರೆಯಿತು. ಆ ಅಧಿಸೂಚನೆ ಬಾರದಿದ್ದರೆ ನಮ್ಮಂಥವರು ಇರುತ್ತಲೇ ಇರಲಿಲ್ಲ, ಅದಕ್ಕೆ ಕೃತಜ್ಞತೆ ಹೇಳಲೇಬೇಕು. ಆದರೆ ಹೊರಗಿನ ದೂರದ ಲಿಂಕ್‌ಗೆ ನಾವೆಲ್ಲ ಮುಗಿಬೀಳುವುದು ಅದರ ಮೇಲಿನ ತುಂಡಿಗೆ, 5725ರಿಂದ 5875ಕ್ಕೆ. 150 ಮೆಗಾಹರ್ಟ್ಸ್. 40ರ ಅಗಲದ ಚಾನೆಲ್ ಮೂರು ಹಿಡಿದರೆ ಚೂರುಪಾರು ಉಳಿಯುತ್ತದೆ, ಅಷ್ಟೇ.

ಆ ಮೂರರಲ್ಲಿ ಯಾರು ಯಾರು ಇದ್ದಾರೆ ನೋಡಿ. ನಾವಿದ್ದೇವೆ. ಪಕ್ಕದ ಊರಿನ ಸೇವಾದಾರ ಇದ್ದಾನೆ. ಎಸ್ಟೇಟಿನವರು ಬಂಗಲೆಯಿಂದ ಕಾಫಿ ಹಣ್ಣಿನ ಸಿಪ್ಪೆ ಬಿಡಿಸುವ ಪಲ್ಪರ್ ಮನೆಗೆ ಸಿಸಿಟಿವಿಗೆಂದು ಹಾಕಿಕೊಂಡ ಲಿಂಕ್ ಇದೆ. ನಿಯಮ ಮೀರಿ ಪವರ್ ಏರಿಸಿ ಕೂತವರೂ ಇದ್ದಾರೆ, ನಮ್ಮ ಕಸುಬಿನವರಲ್ಲೇ ಇದ್ದಾರೆ, ಮುಚ್ಚಿಡುವುದೇನು. ಈಗ ಹರಾಜಿನಲ್ಲಿ ಸಾವಿರಾರು ಕೋಟಿಯ ಸ್ಪೆಕ್ಟ್ರಮ್ ಕೊಂಡವರೂ ಮನೆಮನೆಗೆ ಬ್ರಾಡ್‌ಬ್ಯಾಂಡ್ ಕೊಡಲು ಇದೇ ಲೈಸೆನ್ಸ್‌ಮುಕ್ತ ಬ್ಯಾಂಡಿನ ರೇಡಿಯೊ ಹಾಕುತ್ತಿದ್ದಾರೆ. ಟ್ರಾಯ್ ವರದಿಗಳಲ್ಲೇ ಯುಬಿಆರ್ (ಅನ್‌ಲೈಸೆನ್ಸ್‌ಡ್ ಬ್ಯಾಂಡ್ ರೇಡಿಯೊ) ಎಂಬ ಹೆಸರಿನಲ್ಲಿ ಆ ಗಿರಾಕಿಗಳ ಲೆಕ್ಕ ಬರುತ್ತದೆ. ಕಾನೂನಿನಂತೆ ಅದು ತಪ್ಪಲ್ಲ. ಮುಕ್ತ ಎಂದ ಮೇಲೆ ಎಲ್ಲರಿಗೂ ಮುಕ್ತ. ನನ್ನ ತಕರಾರು ಇಷ್ಟೆ: ಅವರು ನಮ್ಮ ಅಂಗಳಕ್ಕೆ ಬರಬಹುದು, ಅವರ ಅಂಗಳ ಖಾಲಿ ಬಿದ್ದಿದ್ದರೂ ನಾವು ಕಾಲಿಡುವಂತಿಲ್ಲ.

ಖಾಲಿ ಬಿದ್ದಿದೆ ಎಂದು ಹೇಗೆ ಹೇಳುತ್ತೀರಿ ಎಂದರೆ, ಹರಾಜಿನ ರೀತಿಯೇ ಹಾಗಿದೆ. 2022ರ ಆಗಸ್ಟ್‌ನಲ್ಲಿ ಮುಗಿದ ಹರಾಜಿನಲ್ಲಿ ಸುಮಾರು ₹1.5 ಲಕ್ಷ ಕೋಟಿ ಬಂತು. 5ಜಿಯ ಮುಖ್ಯ ಬ್ಯಾಂಡ್ ಆದ 3300 ಮೆಗಾಹರ್ಟ್ಸ್ ಆಗಲೇ ಹೋದದ್ದು. ಮಾರಿದ್ದು ವೃತ್ತದ ಲೆಕ್ಕದಲ್ಲಿ, ಇಡೀ ಕರ್ನಾಟಕ ಒಂದೇ ವೃತ್ತ, ಅವಧಿ 20 ವರ್ಷ. ಬೆಂಗಳೂರಿನ ವೈಟ್‌ಫೀಲ್ಡ್‌ಗೆಂದು ಕೊಂಡ ಸ್ಪೆಕ್ಟ್ರಮ್ ನಮ್ಮ ಮಲೆನಾಡಿನ ಬಾಳೂರಿನ ಮೇಲೂ, ಹೆತ್ತೂರಿನ ಮೇಲೂ ಅದೇ ಕಂಪನಿಯದ್ದು. ಅಲ್ಲಿ ಟವರ್ ಹಾಕಿದರೆ ಕಂಪನಿಗೆ ಗಿಟ್ಟುವುದಿಲ್ಲ, ಅದು ವ್ಯಾಪಾರದ ಮಾತು, ಬೈಯುವುದಿಲ್ಲ. ಟವರ್ ಇಲ್ಲದ ಆ ಕಣಿವೆಯಲ್ಲಿ 3300 ಬ್ಯಾಂಡ್ ಯಾರ ಉಪಯೋಗಕ್ಕೂ ಇಲ್ಲದೆ ಇಪ್ಪತ್ತು ವರ್ಷ ಕಳೆಯಬಹುದು. ಅದೇ ಕಣಿವೆಯಲ್ಲಿ 5 ಗಿಗಾಹರ್ಟ್ಸ್‌ನ ಮೂರು ಚಾನೆಲ್‌ಗೆ ನಾವು ಕಚ್ಚಾಡುತ್ತಿರುತ್ತೇವೆ.

1974ರಲ್ಲಿ ದೇವರಾಜ ಅರಸರ ಸರ್ಕಾರ ಉಳುವವನನ್ನೇ ಒಡೆಯನನ್ನಾಗಿ ಮಾಡಿ ಗೇಣಿಯನ್ನು ಕೊನೆಗಾಣಿಸಿತು. ನಾವು ಅಷ್ಟು ದೂರ ಹೋಗುತ್ತಿಲ್ಲ. ಒಡೆತನ ಅವರದ್ದೇ ಇರಲಿ. ಬೀಳು ಬಿಟ್ಟ ಭಾಗವನ್ನು ಗೇಣಿಗೆ ಕೊಡಿಸಿ ಎಂದಷ್ಟೇ ಬೇಡಿಕೆ. ಒಡೆಯ ಉಳಲು ಬಂದ ದಿನ ಎದ್ದು ಹೋಗುತ್ತೇವೆ.

ಇದಕ್ಕೆ ಹೊಸ ಕಾನೂನು ಬೇಕಿಲ್ಲ. ನೀವೇ ತಂದ 2023ರ ದೂರಸಂಪರ್ಕ ಕಾಯ್ದೆಯ 7ನೇ ಕಲಮಿನಲ್ಲಿ ಇದೆ. ಒಬ್ಬರಿಗೆ ಈಗಾಗಲೇ ಕೊಟ್ಟ ಸ್ಪೆಕ್ಟ್ರಮ್ಮನ್ನು, ಅವರಿಗೆ ಹಾನಿಕರ ಅಡಚಣೆ ಆಗದಂತೆ, ಇನ್ನೊಬ್ಬರಿಗೆ ದ್ವಿತೀಯವಾಗಿ ಹಂಚಲು ಸರ್ಕಾರಕ್ಕೆ ಅಧಿಕಾರವಿದೆ. ಸಕಾರಣವಿಲ್ಲದೆ ಬಳಸದೇ ಬಿಟ್ಟದ್ದನ್ನು ವಾಪಸ್ ಪಡೆಯಲೂ ಅಲ್ಲಿ ಅವಕಾಶವಿದೆ. ವಾಪಸ್ ಪಡೆಯುವ ಮಾತು ಕೋರ್ಟಿಗೆ ಹೋಗುತ್ತದೆ, ಬೇಡ. ಮೊದಲನೆಯದು ಸಾಕು. ಬ್ರಿಟನ್‌ನ ನಿಯಂತ್ರಕ ಆಫ್‌ಕಾಮ್ 2019ರಿಂದ ಇದನ್ನೇ ಮಾಡುತ್ತಿದೆ. ಮೊಬೈಲ್ ಕಂಪನಿ ಒಂದು ಜಾಗದಲ್ಲಿ ಬಳಸದ ಸ್ಪೆಕ್ಟ್ರಮ್ಮನ್ನು ಆ ಜಾಗದ ಮಟ್ಟಿಗೆ ಬೇರೆಯವರು ಕೇಳಬಹುದು. ಕಂಪನಿಗೆ ಸದ್ಯ ಅಲ್ಲಿ ಕೆಲಸವಿಲ್ಲ ಎಂದಾದರೆ ಸಾಮಾನ್ಯವಾಗಿ ಮೂರು ವರ್ಷಕ್ಕೆ ಲೈಸೆನ್ಸ್, ಶುಲ್ಕ 950 ಪೌಂಡ್. ಅಮೆರಿಕ ತನ್ನ ನೌಕಾಪಡೆಯ ರೇಡಾರ್ ಇರುವ 3550–3700 ಮೆಗಾಹರ್ಟ್ಸ್‌ನಲ್ಲೇ ರೇಡಾರ್‌ಗೆ ಮೊದಲ ಹಕ್ಕು ಇಟ್ಟು, ದುಡ್ಡು ಕೊಟ್ಟವರಿಗೆ ಎರಡನೆಯದು, ಉಳಿದ ಜಾಗದಲ್ಲಿ ಯಾರಿಗಾದರೂ ಮೂರನೆಯದು ಎಂದು ಪಾಲು ಹಾಕಿದೆ. ಯಾರು ಎಲ್ಲಿ ಎಷ್ಟು ಬಳಸಬಹುದು ಎಂದು ಕಂಪ್ಯೂಟರ್ ಹೇಳುತ್ತದೆ. ಯುಪಿಐ ಕಟ್ಟಿದ ದೇಶಕ್ಕೆ ಅಂಥದ್ದೊಂದು ದತ್ತಾಂಶ ವ್ಯವಸ್ಥೆ ಕಟ್ಟುವುದು ಕಷ್ಟ ಎಂದರೆ ನಂಬುವುದು ಹೇಗೆ?

600 ಮೆಗಾಹರ್ಟ್ಸ್‌ನದು ಇನ್ನೂ ಸರಳ. 2022ರಲ್ಲಿ ಅದನ್ನು ಹರಾಜಿಗಿಟ್ಟಿರಿ, ಒಬ್ಬರೂ ಕೂಗಲಿಲ್ಲ. ಅಲ್ಲಿ ಒಡೆಯನೇ ಇಲ್ಲ. ಎಲೆ, ಕೊಂಬೆ, ಹೆಂಚು ಎಲ್ಲವನ್ನೂ ತೂರಿಕೊಂಡು ಹೋಗುವ ಬ್ಯಾಂಡ್ ಅದು, ಕಾಫಿ ತೋಟಕ್ಕೆಂದೇ ಹೇಳಿ ಮಾಡಿಸಿದಂತಿದೆ. ಅದೇ ಹರಾಜಿನ 26 ಗಿಗಾಹರ್ಟ್ಸ್ ನಮ್ಮ ಒಂದು ಅತ್ತಿಮರವನ್ನೂ ದಾಟದು. ಮತ್ತೊಂದು ಹರಾಜು ಬರುವವರೆಗೆ, ಗುಡ್ಡಗಾಡು ತಾಲ್ಲೂಕುಗಳ ಮಟ್ಟಿಗೆ, 600ರಲ್ಲಿ ಒಂದಿಷ್ಟನ್ನು ವರ್ಷದ ಶುಲ್ಕಕ್ಕೆ ಕೊಟ್ಟು ನೋಡಿ. ಖಜಾನೆಗೆ ಈಗ ಸೊನ್ನೆ ಬರುತ್ತಿದೆ, ಅದಕ್ಕಿಂತ ಕಡಿಮೆಯಂತೂ ಆಗುವುದಿಲ್ಲ.

ಇನ್ನು 6 ಗಿಗಾಹರ್ಟ್ಸ್. 2025ರ ಮೇ ತಿಂಗಳಲ್ಲಿ ಇಲಾಖೆ ಹೊರಡಿಸಿದ ಕರಡು ನಿಯಮ 5925ರಿಂದ 6425ರವರೆಗಿನ 500 ಮೆಗಾಹರ್ಟ್ಸ್ ತೆರೆಯುವ ಮಾತಾಡಿದಾಗ ನಮ್ಮ ವಲಯದಲ್ಲಿ ಹಬ್ಬ. ಓದುತ್ತಾ ಹೋದಂತೆ ಹಬ್ಬ ಇಳಿಯಿತು. ಮನೆಯೊಳಗೆ ಕಡಿಮೆ ಶಕ್ತಿ, ಹೊರಗೆ ಅತಿ ಕಡಿಮೆ ಶಕ್ತಿ. ಹೊರಗಿನ ಮಿತಿ 25 ಮಿಲಿವ್ಯಾಟ್. 5.8 ಗಿಗಾಹರ್ಟ್ಸ್‌ನಲ್ಲಿ ನಮಗಿರುವುದು 4 ವ್ಯಾಟ್, ಅದರ 160 ಪಟ್ಟು. 25 ಮಿಲಿವ್ಯಾಟ್‌ನಲ್ಲಿ ಅಂಗಳದ ತುಳಸಿಕಟ್ಟೆಯವರೆಗೆ ವೈಫೈ ಬರುತ್ತದೆ, ಎದುರು ಗುಡ್ಡದವರೆಗೆ ಹೋಗುವುದಿಲ್ಲ.

ಮಿತಿಗೆ ಕಾರಣವಿದೆ, ಅದು ನಮ್ಮ ನೆರೆಯಲ್ಲೇ ಇದೆ. ಹಾಸನದ ಇಸ್ರೊ ಮಾಸ್ಟರ್ ಕಂಟ್ರೋಲ್ ಫೆಸಿಲಿಟಿ (ಎಂಸಿಎಫ್) 1982ರಿಂದ ದೇಶದ ಭೂಸ್ಥಿರ ಉಪಗ್ರಹಗಳನ್ನು ನೋಡಿಕೊಳ್ಳುತ್ತಿದೆ. ಸಿ ಬ್ಯಾಂಡ್‌ನಲ್ಲಿ ಉಪಗ್ರಹಕ್ಕೆ ಸಂಕೇತ ಏರುವುದು ಇದೇ 6 ಗಿಗಾಹರ್ಟ್ಸ್‌ನಲ್ಲಿ. 36,000 ಕಿಲೋಮೀಟರ್ ಮೇಲೆ ಕಿವಿಗೊಟ್ಟು ಕೂತ ಉಪಗ್ರಹಕ್ಕೆ ಕೆಳಗಿನ ಲಕ್ಷಾಂತರ ರೇಡಿಯೊಗಳ ಗದ್ದಲ ಸೇರಬಾರದು ಎನ್ನುವ ಎಚ್ಚರ ನ್ಯಾಯವಾದದ್ದು. ಎಂಸಿಎಫ್‌ನ ಆಂಟೆನಾಗಳ ಮೇಲೆ ನಮಗೂ ಅಭಿಮಾನವಿದೆ. ಆದರೆ ನಮ್ಮ ಡಿಶ್ ಆಕಾಶ ನೋಡುವುದಿಲ್ಲ. ಒಂದು ಗುಡ್ಡದಿಂದ ಇನ್ನೊಂದು ಗುಡ್ಡಕ್ಕೆ, ನೆಲಕ್ಕೆ ಸಮನಾಗಿ ನೋಡುತ್ತದೆ. ನಮ್ಮ ಅಕ್ಷಾಂಶದಲ್ಲಿ ಭಾರತದ ಭೂಸ್ಥಿರ ಉಪಗ್ರಹಗಳು ಬಹುಪಾಲು ನೆತ್ತಿಯ ಕಡೆಗೇ ಇರುವುದು. ಅಮೆರಿಕ 2020ರಲ್ಲಿ 6 ಗಿಗಾಹರ್ಟ್ಸ್ ತೆರೆದಾಗ ಹೊರಗಿನ ರೇಡಿಯೊಗೆ 4 ವ್ಯಾಟ್‌ವರೆಗೆ ಬಿಟ್ಟಿತು, ಎರಡು ಷರತ್ತು ಹಾಕಿ. ಚಾಲೂ ಮಾಡುವ ಮುಂಚೆ ರೇಡಿಯೊ ತಾನಿರುವ ಜಾಗ ಹೇಳಿ, ಸುತ್ತಲಿನ ಹಳೆಯ ಮೈಕ್ರೋವೇವ್ ಲಿಂಕ್‌ಗಳಿಗೆ ತೊಂದರೆಯಾಗದ ಚಾನೆಲ್ಲನ್ನು ದತ್ತಾಂಶ ಕೇಂದ್ರದಿಂದ ಪಡೆಯಬೇಕು. ನೆಲದಿಂದ 30 ಡಿಗ್ರಿಗಿಂತ ಮೇಲಿನ ದಿಕ್ಕಿಗೆ 125 ಮಿಲಿವ್ಯಾಟ್ ಮೀರಬಾರದು. ಎರಡನೆಯದು ಉಪಗ್ರಹಕ್ಕೆಂದೇ ಬರೆದ ಷರತ್ತು. ಎರಡನ್ನೂ ಇಲ್ಲಿ ಹಾಕಿ, ಬೇಕಾದರೆ ಹಾಸನದ ಸುತ್ತ ಒಂದು ವೃತ್ತ ಎಳೆದು ಇಲ್ಲಿ ಬೇಡವೇ ಬೇಡ ಎನ್ನಿ. ಮುಳ್ಳಯ್ಯನಗಿರಿಯ ಈಚೆಗಾದರೂ ಬಿಡಿ.

60 ಗಿಗಾಹರ್ಟ್ಸ್‌ನ ವಿ-ಬ್ಯಾಂಡ್ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಗಾಳಿಯ ಆಮ್ಲಜನಕವೇ ಆ ಅಲೆಯನ್ನು ಕಿಲೋಮೀಟರಿಗೆ ಸುಮಾರು 15 ಡೆಸಿಬೆಲ್‌ನಷ್ಟು ಹೀರುತ್ತದೆ, ನಮ್ಮ ಮಳೆ ಇನ್ನಷ್ಟು ಹೀರುತ್ತದೆ. ತೋಟಕ್ಕೆ ಅದು ಆಗದು. ಚಿಕ್ಕಮಗಳೂರು, ಹಾಸನದಂಥ ಪೇಟೆಗಳಲ್ಲಿ ಒಂದು ತಾರಸಿಯಿಂದ ನಾಲ್ಕು ತಾರಸಿ ಆಚೆಗೆ ಬೆಂಕಿಯಂತೆ ಓಡುತ್ತದೆ. ದೂರ ಹೋಗದ್ದರಿಂದ ಇನ್ನೊಬ್ಬರಿಗೆ ಕಾಟವೂ ಇಲ್ಲ. ಟ್ರಾಯ್ 2014ರಲ್ಲೇ ಅದನ್ನು ತೆರೆಯಲು ಶಿಫಾರಸು ಮಾಡಿತ್ತು, 2025ರಲ್ಲಿ ಮತ್ತೆ ಸಮಾಲೋಚನಾ ಪತ್ರ ತಂದಿತು. ಪೇಟೆಯ ಲಿಂಕ್‌ಗಳು ಅಲ್ಲಿಗೆ ಹೋದರೆ 5 ಗಿಗಾಹರ್ಟ್ಸ್ ಅಷ್ಟರಮಟ್ಟಿಗೆ ತೋಟಗಳಿಗೆ ಬಿಡುವಾಗುತ್ತದೆ.

ಉಪಗ್ರಹ ಇಂಟರ್ನೆಟ್ ಬರುತ್ತಿದೆ, ನಿಮ್ಮ ಕಥೆ ಮುಗಿಯಿತು ಎಂದು ಅನೇಕರು ಹೇಳುತ್ತಾರೆ. ಬರಲಿ. ಆಕಾಶ ಕಾಣದ ಹಾಗೆ ಮರ ಮುಚ್ಚಿದ ಮನೆಯಲ್ಲಿ ಡಿಶ್ ಎಲ್ಲಿಡುತ್ತಾರೆ ಎನ್ನುವುದು ಬೇರೆ ಮಾತು. ಉಪಗ್ರಹ ಕಂಪನಿಗಳಿಗೆ ಸ್ಪೆಕ್ಟ್ರಮ್ಮನ್ನು ಹರಾಜಿಲ್ಲದೆ, ಆದಾಯದ ಶೇಕಡಾ 4ರ ಶುಲ್ಕಕ್ಕೆ ಕೊಡಬಹುದು ಎಂದು ಟ್ರಾಯ್ 2025ರ ಮೇ ತಿಂಗಳಲ್ಲಿ ಶಿಫಾರಸು ಮಾಡಿತು. ಆಕಾಶದಿಂದ ಬರುವವರಿಗೆ ಆ ದಾರಿ ಇದೆ ಎಂದಾದರೆ, ಗುಡ್ಡದಿಂದ ಬರುವ ನಮಗೂ ಅದೇ ದಾರಿ, ಅದೇ ಶೇಕಡಾ ನಾಲ್ಕು ಇಡಿ. ತಕರಾರಿಲ್ಲದೆ ಕಟ್ಟುತ್ತೇವೆ.

ಒಂದು ಮಾತು ಗಿರಾಕಿಗಳಿಗೂ ಹೇಳಬೇಕು, ಈ ಪತ್ರ ಅವರೂ ಓದುತ್ತಾರೆ. ಸರ್ಕಾರಿ ವ್ಯಾಖ್ಯೆಯಲ್ಲಿ ಬ್ರಾಡ್‌ಬ್ಯಾಂಡ್ ಎಂದರೆ ಈಗಲೂ ಕನಿಷ್ಠ 2 ಎಂಬಿಪಿಎಸ್, 2023ರಲ್ಲಿ 512 ಕೆಬಿಪಿಎಸ್‌ನಿಂದ ಏರಿಸಿದ್ದು. ಆ ಲೆಕ್ಕದಲ್ಲಿ ನಾವು ಪಾಸು. ನಿಮ್ಮ ಟಿವಿಯ ಲೆಕ್ಕದಲ್ಲಿ ಫೇಲು. ಸಂಜೆ ಹೊತ್ತು ಟಿವಿಯ ಸೆಟಿಂಗ್‌ನಲ್ಲಿ 4ಕೆ ಇಳಿಸಿ ಎಚ್‌ಡಿಗೆ ಇಟ್ಟರೆ ಪಕ್ಕದ ತೋಟದ ಹುಡುಗಿಯ ಆಫೀಸ್ ಮೀಟಿಂಗ್ ಕಡಿಯದೆ ನಡೆಯುತ್ತದೆ. ಲೈನ್ ಮನೆಯ ಆಂಟೆನಾಗೆ ಅಡ್ಡ ಬಂದ ಕೊಂಬೆಯನ್ನು ಮುಂದಿನ ಮರಗಸಿಯಲ್ಲಿ ನೆನಪಿಟ್ಟು ತೆಗೆಸಿ.

ಮಾನ್ಯರೇ, ನನ್ನ ಮಾತನ್ನು ಹಾಗೇ ನಂಬಬೇಡಿ. ನಿಮ್ಮ ವೈರ್‌ಲೆಸ್ ಮಾನಿಟರಿಂಗ್ ವಿಭಾಗದವರನ್ನು ಇತ್ತ ಕಳಿಸಿ. ಕೊಟ್ಟಿಗೆಹಾರದಿಂದ ಬಾಳೂರು, ಕಳಸದವರೆಗೆ, ಆ ಕಡೆ ಸಕಲೇಶಪುರದಿಂದ ಹೆತ್ತೂರು, ಬಿಸಿಲೆಯವರೆಗೆ 3300 ಮತ್ತು 5800 ಎರಡೂ ಬ್ಯಾಂಡ್ ಅಳೆಯಲಿ. ಯಾವ ಊರಲ್ಲಿ ಯಾವುದು ತುಂಬಿದೆ, ಯಾವುದು ಖಾಲಿ ಎಂಬುದನ್ನು ಊರಿನ ಹೆಸರಿನೊಂದಿಗೆ ಪ್ರಕಟಿಸಲಿ. 7ನೇ ಕಲಮಿನ ನಿಯಮ ಬರೆಯಲು ಅದಕ್ಕಿಂತ ಒಳ್ಳೆಯ ದಾಖಲೆ ಸಿಗದು. ಮಾರ್ಚ್‌ನಲ್ಲಿ ಬರುವುದು ಬೇಡ, ಆಗ ಎಲ್ಲವೂ ಚೆನ್ನಾಗಿ ಕಾಣುತ್ತದೆ. ಜುಲೈನಲ್ಲಿ ಬರಲಿ, ಸಂಜೆ ಏಳರ ಮೇಲೆ ಅಳೆಯಲಿ. ಮಂಗಳೂರು ಕಡೆಯಿಂದ ಬರುವುದಾದರೆ ಚಾರ್ಮಾಡಿ ಘಾಟಿ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಹೊರಡಲು ಹೇಳಿ.

ಇಂತಿ ತಮ್ಮ ವಿಶ್ವಾಸಿ,
ಮೂಡಿಗೆರೆ ತಾಲ್ಲೂಕಿನ ಒಬ್ಬ ಇಂಟರ್ನೆಟ್ ಸೇವಾದಾರ